ಕೌದಿಯ ಹಿಂಬದಿಗೆ ಸೀರೆ ಜೋಡಿಸುವುದು ಹೇಗೆ?

ಪ್ರಶ್ನೆ: ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯ ಮೇಲ್ಭಾಗವನ್ನು ಹೊಲಿದು ಮುಗಿಸಿದ್ದೇನೆ. ಹಿಂಬದಿಗೆಂದು ಅಮ್ಮನ ಹಳೆಯ ಹತ್ತಿ ಸೀರೆಯನ್ನು ತೆಗೆದಿಟ್ಟಿದ್ದೇನೆ, ಆದರೆ ಅದರ ಅಗಲ 45 ಇಂಚು ಮಾತ್ರ. ನಟ್ಟನಡುವೆ ಜೋಡಿಸಬಹುದೇ?

ಉತ್ತರ 1: ನಡುವೆ ಬೇಡ. ಕೌದಿಯನ್ನು ಮಡಚುವುದು ಅಲ್ಲಿಯೇ ಆದ್ದರಿಂದ ಜೋಡಣೆ ಬೇಗ ಸವೆಯುತ್ತದೆ. ಐದೂವರೆ ಮೀಟರ್ ಸೀರೆಯನ್ನು ಅಡ್ಡಲಾಗಿ ಎರಡು ಮಾಡಿ, ಒಂದು ತುಂಡನ್ನು ಇಡಿಯಾಗಿ ನಡುವೆ ಇರಿಸಿ, ಇನ್ನೊಂದರಿಂದ 11 ಇಂಚಿನ ಎರಡು ಉದ್ದ ಪಟ್ಟಿಗಳನ್ನು ಕತ್ತರಿಸಿ ಇಕ್ಕೆಲಗಳಿಗೆ ಸೇರಿಸಿದರೆ, ಅರ್ಧ ಇಂಚಿನ ಹೊಲಿಗೆ ಕಳೆದೂ ಸುಮಾರು 65 ಇಂಚು ಸಿಗುತ್ತದೆ. ಹೊಲಿಯುವಾಗ ಬಟ್ಟೆ ಸ್ವಲ್ಪ ಕುಗ್ಗುವುದರಿಂದ ಆ ಹೆಚ್ಚುವರಿ ಅಂಚು ಬೇಕೇ ಬೇಕು.

ಉತ್ತರ 2: ಜರಿ ಅಂಚಿದ್ದರೆ ಬಿಡಿಸಿ, ಪಟ್ಟಿಗಳನ್ನು ಅಷ್ಟು ಅಗಲಗೊಳಿಸಿ, ಅಲ್ಲಿ ಕೈಸೂಜಿ ಸುಲಭವಾಗಿ ಇಳಿಯುವುದಿಲ್ಲ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಹಳೆಯ ಹತ್ತಿಯೇ ಮೇಲು, ಆದರೆ ಬೆಳಕಿಗೆ ಹಿಡಿದು ಜಾಳಾದ ಕಡೆಗಳನ್ನು ಮೊದಲೇ ಗುರುತಿಸಿಕೊಳ್ಳಿ.

ಪ್ರಶ್ನೆ ಕೇಳಿದವರು: ಸೆರಗಿನ ಬಳಿ ಜಾಳಾಗಿದೆ. ಪಟ್ಟಿಗಳನ್ನು ಒಡಲಿನ ಭಾಗದಿಂದಲೇ ತೆಗೆಯುತ್ತೇನೆ. ಉದ್ದ ಸಾಲದಿದ್ದರೆ ತುದಿಗೆ ಬೇರೆ ಹತ್ತಿಯ ತುಂಡು ಸೇರಿಸುವೆ.