ರಿಫ್ರೆಶ್ ಮಾಡಿದರೆ ಷರಾ ಕಾಲಂ ಅದಲು ಬದಲು. ಯಾರಿಗಾದರೂ ಹೀಗಾಗಿದೆಯಾ?

ಪ್ರಶ್ನೆ: ಎಕ್ಸೆಲ್‌ನಲ್ಲಿ ಬಾಕಿ ಬಿಲ್‌ಗಳ ಒಂದು ಟೇಬಲ್ ಇದೆ, ಡೇಟಾಬೇಸ್‌ಗೆ ಜೋಡಿಸಿದ್ದು. ಅದರ ಪಕ್ಕದಲ್ಲಿ ‘ಷರಾ’ ಅಂತ ನಾನೇ ಒಂದು ಕಾಲಂ ಸೇರಿಸಿ ಕೈಯಾರೆ ತುಂಬುತ್ತೇನೆ. ವಿಬಿಎ ಮ್ಯಾಕ್ರೋದಿಂದ (ಎಕ್ಸೆಲ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ) ರಿಫ್ರೆಶ್ ಮಾಡಿದರೆ, ಅಂದರೆ ಡೇಟಾಬೇಸ್‌ನಿಂದ ಹೊಸ ಡೇಟಾ ತರಿಸಿದರೆ, ಒಬ್ಬರ ಷರಾ ಇನ್ನೊಬ್ಬರ ಎದುರು ಹೋಗಿ ಕೂರುತ್ತದೆ. ಸಾಲದ್ದಕ್ಕೆ ಮ್ಯಾಕ್ರೋ ತೋರಿಸುವ ಮೊತ್ತವೂ ಹಳೆಯದೇ.

ಉತ್ತರ: ಆಗಿದೆ, ಚೆನ್ನಾಗಿಯೇ ಆಗಿದೆ. ಬಿಲ್ 1042ರ ಎದುರು ‘ಚೆಕ್ ಬಂದಿದೆ’ ಅಂತ ಬರೆದಿದ್ದೆ. ಮರುದಿನ ಅದಕ್ಕಿಂತ ಮೇಲೆ ಹೊಸ ಬಿಲ್ ಒಂದು ಸೇರಿತು. 1042 ಒಂದು ಸಾಲು ಕೆಳಗಿಳಿಯಿತು, ಷರಾ ಇದ್ದಲ್ಲೇ ಉಳಿಯಿತು. ದುಡ್ಡು ಕೊಡದವರ ಎದುರು ಚೆಕ್ ಬಂದಿದೆ ಅಂತ!

ಯಾವ ಷರಾ ಯಾವ ಬಿಲ್‌ನದು ಅಂತ ಎಕ್ಸೆಲ್‌ಗೆ ಗೊತ್ತಿಲ್ಲ, ಅಲ್ವಾ? ಹಾಗಾಗಿ ಜೋಡಿಸಿದ ಟೇಬಲ್‌ನಲ್ಲಿ ಕೈಯಾರೆ ಏನೂ ಬರೆಯಬೇಡಿ. ಬೇರೆ ಶೀಟ್‌ನಲ್ಲಿ ಎರಡೇ ಕಾಲಂನ ಟೇಬಲ್ ಮಾಡಿ: ಬಿಲ್ ನಂಬರ್, ಷರಾ. ಮುಖ್ಯ ಟೇಬಲ್‌ನ ಷರಾ ಕಾಲಂನಲ್ಲಿ ಎಕ್ಸ್‌ಲುಕಪ್ ಫಾರ್ಮುಲಾ ಹಾಕಿ, ನಂಬರ್ ನೋಡಿ ಷರಾ ಎಳೆದುಕೊಳ್ಳಲಿ. ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯದಾದರೆ ಎಕ್ಸ್‌ಲುಕಪ್ ಇರುವುದಿಲ್ಲ, ಅದೇ ಕೆಲಸಕ್ಕೆ ಇಂಡೆಕ್ಸ್-ಮ್ಯಾಚ್ ಫಾರ್ಮುಲಾ ಬಳಸಿ.

ಇನ್ನೊಂದು ಉತ್ತರ: ಮೊತ್ತದ ವಿಷಯ ಬೇರೆ. ಮ್ಯಾಕ್ರೋವನ್ನು ಎರಡನೇ ಸಲ ಓಡಿಸಿದರೆ ಸರಿ ಮೊತ್ತ ಬರುತ್ತಾ? ಬಂದರೆ ಕಾರಣ ಇದೇ: ಡೇಟಾ ಬರುವ ಮೊದಲೇ ಕೋಡ್ ಮುಂದಿನ ಸಾಲಿಗೆ ಹೋಗಿ ಕೂಡಿಸಿಬಿಡುತ್ತಿದೆ. ಲಿಸ್ಟ್‌ಆಬ್ಜೆಕ್ಟ್‌ನ (ವಿಬಿಎಯಲ್ಲಿ ಟೇಬಲ್‌ನ ಹೆಸರು) ಕ್ವೆರಿಟೇಬಲ್, ಅಂದರೆ ಅದರ ಡೇಟಾಬೇಸ್ ಕೊಂಡಿ, ರಿಫ್ರೆಶ್ ಮಾಡುವಾಗ ಬ್ಯಾಕ್‌ಗ್ರೌಂಡ್‌ಕ್ವೆರಿ ಎಂಬ ಆಯ್ಕೆಗೆ ಫಾಲ್ಸ್ ಕೊಡಿ, ಡೇಟಾ ಬಂದು ಮುಗಿಯುವ ತನಕ ಕೋಡ್ ಕಾಯುತ್ತದೆ. ಕೆಲವರು ಸುಮ್ನೆ ಐದು ಸೆಕೆಂಡ್ ವೇಟ್ ಹಾಕುತ್ತಾರೆ. ನೆಟ್‌ವರ್ಕ್ ನಿಧಾನವಾದ ದಿನ ಮತ್ತೆ ಅದೇ ಕಥೆ.

ಷರಾ ಟೇಬಲ್ ಅನ್ನು ಕೋಡ್‌ನಿಂದ ಮುಟ್ಟುವುದಾದರೆ ಮೊದಲು ಲಿಸ್ಟ್‌ರೋಸ್ ಕೌಂಟ್ (ಟೇಬಲ್‌ನಲ್ಲಿರುವ ಸಾಲುಗಳ ಲೆಕ್ಕ) ನೋಡಿ. ಸಾಲುಗಳನ್ನೆಲ್ಲ ಅಳಿಸಿದ್ದರೆ ಡೇಟಾಬಾಡಿರೇಂಜ್ (ಶೀರ್ಷಿಕೆಯ ಕೆಳಗಿನ ಡೇಟಾ ಭಾಗ) ನಥಿಂಗ್, ಅಂದರೆ ಇಲ್ಲವೇ ಇಲ್ಲ ಅಂತ ಆಗಿರುತ್ತದೆ, ಮ್ಯಾಕ್ರೋ ಎರರ್ 91 ಹೇಳಿ ನಿಲ್ಲುತ್ತದೆ. ಸಾಲು ಅಳಿಸುವ ಲೂಪ್ ಕೆಳಗಿನಿಂದ ಮೇಲಕ್ಕೆ ಬರಲಿ. ಮೇಲಿನಿಂದ ಹೋದರೆ ಒಂದನ್ನು ಅಳಿಸಿದಾಗ ಅದರ ಕೆಳಗಿನದು ತಪ್ಪಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಮೊತ್ತ ಸರಿಹೋಯಿತು, ಥ್ಯಾಂಕ್ಸ್. ಆದರೆ ಲುಕಪ್‌ನಲ್ಲಿ ಒಂದು ಷರಾನೂ ಬರುತ್ತಿಲ್ಲ. ನಂಬರ್‌ಗಳು ಕಣ್ಣಿಗೆ ಒಂದೇ ಥರ ಇವೆ.

ಮೊದಲು ಉತ್ತರಿಸಿದವರು: ಡೇಟಾಬೇಸ್‌ನಿಂದ ಬಂದ ನಂಬರ್ ಸೆಲ್‌ನ ಎಡಕ್ಕೆ ಅಂಟಿದೆಯಾ, ನೀವು ಟೈಪ್ ಮಾಡಿದ್ದು ಬಲಕ್ಕೆ? ಹಾಗಿದ್ದರೆ ಒಂದು ಟೆಕ್ಸ್ಟ್, ಇನ್ನೊಂದು ಸಂಖ್ಯೆ. ಎಕ್ಸೆಲ್ ಎರಡನ್ನೂ ಒಂದೇ ಅಂತ ಒಪ್ಪುವುದಿಲ್ಲ. ನಿಮ್ಮ ಕಾಲಂನ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್‌ಗೆ ಬದಲಿಸಿ. ಅಷ್ಟಕ್ಕೇ ಹಳೆಯ ನಂಬರ್‌ಗಳು ಬದಲಾಗುವುದಿಲ್ಲ, ಮತ್ತೆ ಟೈಪ್ ಮಾಡಬೇಕು.

ಪ್ರಶ್ನೆ ಕೇಳಿದವರು: ಹೌದು, ಎಡ-ಬಲವೇ! ನಲವತ್ತು ಸಾಲು ಮತ್ತೆ ಟೈಪ್ ಮಾಡಿದೆ, ಷರಾ ಎಲ್ಲ ಬಂತು. ತೀರಿದ ಬಿಲ್‌ಗಳ ಷರಾ ಆ ಶೀಟ್‌ನಲ್ಲಿ ಹಾಗೇ ಇದೆ. ಸದ್ಯಕ್ಕೆ ಅಳಿಸುವುದಿಲ್ಲ.