ಅಪ್‌ಡೇಟ್: ಶೆಲ್ಟರ್ ನಾಯಿಗಳಿಗೆ ಟಿಕ್ ಫೀವರ್ ಪರೀಕ್ಷೆ

ಹಾಸನದ ನಮ್ಮ ಶೆಲ್ಟರ್‌ನಲ್ಲಿ ಚೆನ್ನಾಗಿ ಓಡಾಡಿಕೊಂಡಿರುವ ನಾಯಿಗಳಿಗೂ ಟಿಕ್ ಫೀವರ್ (ಉಣುಗು ಕಚ್ಚಿ ಬರುವ ಜ್ವರ) ಪರೀಕ್ಷೆ ಬೇಕಾ ಅಂತ ಕೇಳಿದ್ದೆ. ಬೇಕು. ಈ ಜ್ವರ ತರುವ ಎರ್ಲಿಕಿಯಾ ಅನ್ನೋ ಬ್ಯಾಕ್ಟೀರಿಯಾ ಯಾವ ಲಕ್ಷಣವೂ ಇಲ್ಲದೆ ತಿಂಗಳುಗಟ್ಟಲೆ ಒಳಗೇ ಇರಬಹುದು.

ರಾಪಿಡ್ ಕಿಟ್‌ನಲ್ಲಿ ಕೆಲವಕ್ಕೆ ಪಾಸಿಟಿವ್ ಬಂತು. ಆದರೆ ಎರ್ಲಿಕಿಯಾಗೆ ಕಿಟ್ ತೋರಿಸುವುದು ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಮಾತ್ರ, ಹಳೇ ಸೋಂಕಿದ್ದರೂ ಗೆರೆ ಮೂಡುತ್ತದೆ. ಹಾಗಾಗಿ ಡಾಕ್ಟರು ಪ್ಲೇಟ್‌ಲೆಟ್ (ಈ ಸೋಂಕಿನಲ್ಲಿ ಕಡಿಮೆಯಾಗುವ ರಕ್ತಕಣ) ಕೂಡ ನೋಡಿದರು. ಕಡಿಮೆ ಇದ್ದವಕ್ಕೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್, 28 ದಿನ. ಊಟದ ಜೊತೆ ಕೊಡದಿದ್ದರೆ ವಾಂತಿ ಜಾಸ್ತಿ!

ಟಿಕ್ ಫೀವರ್ ತರುವ ಇನ್ನೊಂದು ರೋಗಾಣು, ಬೆಬೀಸಿಯಾ ಅನ್ನೋ ರಕ್ತದ ಪರಾವಲಂಬಿ, ನಮ್ಮ ಕಿಟ್‌ನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಕಿವಿ ತುದಿಯ ರಕ್ತದ ಸ್ಲೈಡ್ ಮಾಡಿದರು. ಸ್ಲೈಡ್‌ನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಅಲ್ವಾ? ಅನುಮಾನ ಇದ್ದ ನಾಯಿಯ ರಕ್ತ ಪಿಸಿಆರ್‌ಗೆ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗೆ) ಹೋಗಿದೆ.

ಗೋಡೆ ಬಿರುಕುಗಳಲ್ಲಿ ಉಣುಗು ಎಷ್ಟಿತ್ತು ಅಂತೀರಾ! ಈಗ ಸಿಮೆಂಟ್ ಹಾಕಿ ಮುಚ್ಚಿಸುತ್ತಿದ್ದೇವೆ.