ಊರಾಚೆ ಅಪಾರ್ಟ್‌ಮೆಂಟ್ ಬಾಡಿಗೆ ಕಡಿಮೆ. ನಿಜವಾಗಿ ದುಡ್ಡು ಉಳಿಯುತ್ತಾ?

ಮೂರನೇ_ಮಹಡಿ:
ಈಗ ಊರ ನಡುವೆ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಹೆಂಡತಿ, ಆರು ವರ್ಷದ ಮಗಳು. ಮುಂದಿನ ತಿಂಗಳು ಅಗ್ರಿಮೆಂಟ್ ಮುಗಿಯುತ್ತೆ. ಊರಾಚೆ ಒಂದು ಅಪಾರ್ಟ್‌ಮೆಂಟ್ ನೋಡಿ ಬಂದೆವು. ಮನೆ ಇಷ್ಟೇ ದೊಡ್ಡದು, ಬಾಡಿಗೆ ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ. ಮಗಳು ಬಾಲ್ಕನಿಗೆ ಹೋದವಳು ಒಳಗೆ ಬರಲೇ ಇಲ್ಲ. ಕಂಬಿ ಹಿಡಿದುಕೊಂಡು, "ಇಲ್ಲಿಂದ ಮರದ ತುದಿ ಕಾಣುತ್ತೆ, ಬನ್ನಿ" ಅಂತ ಕರೆಯುತ್ತಿದ್ದಳು. ಅಲ್ಲೇ ಹೂಂ ಅಂದುಬಿಡೋಣ ಅನ್ನಿಸಿತು.

ಆದರೆ ಇಬ್ಬರ ಆಫೀಸೂ ಊರ ನಡುವೆಯೇ ಇದೆ. ಈಗ 25 ನಿಮಿಷ ಸಾಕು. ಅಲ್ಲಿಂದ ಒಂದು ಗಂಟೆ ಹತ್ತು ನಿಮಿಷ ಅಂತ ಮ್ಯಾಪ್ ತೋರಿಸುತ್ತಿದೆ. ಸಂಬಳದ 30% ಒಳಗೆ ಬಾಡಿಗೆ ಇರಬೇಕು ಅಂತಾರಲ್ಲ, ನಮ್ಮದು ಈಗ 38%. ಅಲ್ಲಿಗೆ ಹೋದರೆ 25%ಗೆ ಇಳಿಯುತ್ತೆ. ಅನುಭವ ಇರುವವರು ದಯವಿಟ್ಟು ಹೇಳಿ.

ನಾಲ್ಕು_ವರ್ಷ_ಆಚೆ:
ನಾವು ಇದೇ ಲೆಕ್ಕ ಹಾಕಿಕೊಂಡು ಹೋದವರು. ನಾಲ್ಕು ವರ್ಷ ಇದ್ದೆವು. ಊರೊಳಗಿನ ಬಾಡಿಗೆ 100 ಅಂತ ಇಟ್ಟುಕೊಳ್ಳಿ, ಆಚೆ ಮನೆಗೆ 67. ಉಳಿತಾಯ 33 ಅಂತ ಖುಷಿಪಟ್ಟೆವು. ಮೇಂಟೆನೆನ್ಸ್ ಬೇರೆ ಕಟ್ಟಬೇಕಿತ್ತು, ಅದು 7. ಇಬ್ಬರ ಓಡಾಟಕ್ಕೆ ಹೆಚ್ಚಾಗಿದ್ದು 12. ಶಾಲೆ ಬಿಟ್ಟ ಮೇಲೆ ನಾವು ಬರುವವರೆಗೆ ಮಗನನ್ನು ನೋಡಿಕೊಳ್ಳುವವರಿಗೆ 9. ಕೈಯಲ್ಲಿ ಉಳಿದದ್ದು ಬರೀ 5.

ಇನ್ನು ಸಮಯ. ನಿಮಗೆ ದಿನಕ್ಕೆ ಒಂದೂವರೆ ಗಂಟೆ ಜಾಸ್ತಿ. ತಿಂಗಳಿಗೆ 22 ದಿನ ಅಂದರೆ 33 ಗಂಟೆ, ಅದೂ ಒಬ್ಬೊಬ್ಬರಿಗೆ. ನಾವು ಮನೆ ಮುಟ್ಟುವಾಗ ಮಗ ಹೋಮ್‌ವರ್ಕ್ ಪುಸ್ತಕ ಎದೆ ಮೇಲೆ ಇಟ್ಟುಕೊಂಡು ಸೋಫಾದಲ್ಲೇ ನಿದ್ದೆ ಹೋಗಿರುತ್ತಿದ್ದ. ಪೆನ್ಸಿಲ್ ಕೈಯಲ್ಲೇ ಇರುತ್ತಿತ್ತು. ಅದನ್ನು ನಾನು ಯಾವ ಲೆಕ್ಕದಲ್ಲೂ ಬರೆದಿರಲಿಲ್ಲ.

30% ಲೆಕ್ಕವನ್ನು ಅಷ್ಟು ನಂಬಬೇಡಿ. ಅದು ಅಮೆರಿಕದ ಸರ್ಕಾರಿ ವಸತಿ ನಿಯಮದಿಂದ ಹರಡಿದ್ದು. 1969ರಲ್ಲಿ ಆ ಮನೆಗಳ ಬಾಡಿಗೆ ಆದಾಯದ 25% ಮೀರಬಾರದು ಅಂತ ಮಾಡಿದರು, 1981ರಲ್ಲಿ 30% ಮಾಡಿದರು. ಓಡಾಟದ ಖರ್ಚು ಅದರಲ್ಲಿ ಇಲ್ಲವೇ ಇಲ್ಲ. ಮನೆ, ಓಡಾಟ ಎರಡೂ ಸೇರಿ 45% ಒಳಗಿರಲಿ ಅನ್ನುವ ಇನ್ನೊಂದು ಲೆಕ್ಕ ಇದೆ. ನಿಮಗೆ ಅದೇ ಸರಿ.

ಸುಮ್ನೆ ಹೆದರಿಸುತ್ತಿಲ್ಲ. ಇಬ್ಬರಲ್ಲಿ ಒಬ್ಬರಿಗಾದರೂ ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುವ ಅವಕಾಶ ಇದ್ದರೆ ಖಂಡಿತ ಹೋಗಿ. ನಮಗೆ ಅದು ಇರಲಿಲ್ಲ.

ಕರಾರು_ಓದಿ:
ವರ್ಷಕ್ಕೆ ಎಷ್ಟು ಏರಿಸುತ್ತಾರೆ ಅಂತ ಕೇಳಿದಿರಾ? ಮೇಲಿನವರ ಲೆಕ್ಕದಲ್ಲೇ ನೋಡಿ. 67ಕ್ಕೆ ವರ್ಷಾವರ್ಷ 10% ಏರಿದರೆ ನಾಲ್ಕನೇ ವರ್ಷ 89. 5% ಆದರೆ 78 ಕೂಡ ಆಗಲ್ಲ. ಮಾತಿನಲ್ಲಿ ಒಪ್ಪಿದರೆ ಸಾಲದು, ಅಗ್ರಿಮೆಂಟ್‌ನಲ್ಲಿ ಬರೆಸಿ. ಅಡ್ವಾನ್ಸ್‌ನಲ್ಲಿ ಏನೇನು ಹಿಡಿಯುತ್ತಾರೆ ಅನ್ನುವುದನ್ನೂ ಬರೆಸಿ. ನನಗೆ ಗೋಡೆ ಕೊಳೆ ಅಂತ ಸುಣ್ಣಬಣ್ಣದ ಪೂರ್ತಿ ಖರ್ಚು ಹಿಡಿದರು. ನಾನು ಹೋಗುವ ಮೊದಲೇ ಇದ್ದ ಕೊಳೆ, ಆದರೆ ತೋರಿಸಲು ಒಂದು ಫೋಟೋ ಇರಲಿಲ್ಲ. ಬೀಗದ ಕೈ ಸಿಕ್ಕ ದಿನವೇ, ಸಾಮಾನು ಇಳಿಸುವ ಮುಂಚೆ, ಎಲ್ಲಾ ಗೋಡೆಗಳ ಫೋಟೋ ತೆಗೆದು ಓನರ್‌ಗೂ ಕಳಿಸಿ.

ಟೇಪು_ಹಿಡಿದವಳು:
ಅಳತೆ ಇಷ್ಟೇ ಅಂದಿರಲ್ಲ, ನೀವೇ ಅಳೆದಿರಾ? ಮೆಟ್ಟಿಲು, ಲಿಫ್ಟ್ ಜಾಗವನ್ನೂ ಸೇರಿಸಿ ಹೇಳುವುದುಂಟು. ಸಂಜೆ ಹೊತ್ತು ಇನ್ನೊಮ್ಮೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿ ನೋಡಿ. ಕೆಳಗಿನ ಮನೆಯವರನ್ನು ಮಾತಾಡಿಸಿ, ಅವರಿಗೆ ಎಲ್ಲಾ ಗೊತ್ತಿರುತ್ತೆ.

ಮೂರನೇ_ಮಹಡಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಸೋಮವಾರ ಬೆಳಗ್ಗೆ ಆ ಮನೆ ಬಾಗಿಲಿಂದ ಆಫೀಸಿಗೆ ಹೋಗಿ ನೋಡಿದೆವು. ಒಂದು ಗಂಟೆ 35 ನಿಮಿಷ ಹಿಡಿಯಿತು. ಮ್ಯಾಪ್ ನೋಡಿದ್ದು ಭಾನುವಾರ ಮಧ್ಯಾಹ್ನ, ಅದು ನನ್ನದೇ ತಪ್ಪು. ಹೆಂಡತಿ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ ಕೇಳಿದ್ದಾಳೆ, ಶುಕ್ರವಾರ ಹೇಳುತ್ತಾರಂತೆ. ಸಿಕ್ಕರೆ 5% ಏರಿಕೆಯ ಮೇಲೆ ಮಾತಾಡುತ್ತೇವೆ. ಸಿಗದಿದ್ದರೆ ಬೇಡ, ಇಲ್ಲೇ ಇನ್ನೊಂದು ವರ್ಷಕ್ಕೆ ಅಗ್ರಿಮೆಂಟ್ ಮಾಡಿಸುತ್ತೇವೆ. ಮಗಳಿಗೆ ಇನ್ನೂ ಏನೂ ಹೇಳಿಲ್ಲ.